ಸೈಕಲ್ ಕೊಟ್ಟ ಸರಕಾರ, ದಾರಿ ಕೊಡದ ಕಾನೂನು

ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿರವಾಗಿ ಚಿಂತಾಕಿ ಎಂಬ ಹೋಬಳಿ ಕೇಂದ್ರವಿದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬೆರೆತು ಬಾಳುವ ಸೀಮೆಯಿದು. ಬೆಂಗಳೂರಿನ ವಿಧಾನಸೌಧ ಇಲ್ಲಿಂದ 700 ಕಿ.ಮೀ. ದೂರದಲ್ಲಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆಯ ವರದಿ ಕೊಟ್ಟಾಗ ಔರಾದನ್ನು 'ಅತ್ಯಂತ ಹಿಂದುಳಿದ' ತಾಲೂಕುಗಳ ಪಟ್ಟಿಗೆ ಸೇರಿಸಿತು. ಇಂಥ ಸೀಮೆಯಲ್ಲಿ ಹಿಂದುಳಿಯುವಿಕೆಯೆಂದರೆ ಬಹಳ ಸರಳವಾದ ಒಂದು ಸಂಗತಿ. ಶಾಲೆ ಒಂದು ಊರಲ್ಲಿದ್ದರೆ ಮಗು ಇನ್ನೊಂದು ಊರಲ್ಲಿರುತ್ತದೆ. ಆಸ್ಪತ್ರೆಗೂ ಸಂತೆಗೂ ಕಚೇರಿಗೂ ಇದೇ ಮಾತು. ನಡುವಿನ ನಾಲ್ಕಾರು ಮೈಲಿಯನ್ನು ಯಾರು ಹೇಗೆ ದಾಟುತ್ತಾರೆ ಎಂಬುದರ ಮೇಲೆ ಅವರ ಬಾಳು ನಿಂತಿದೆ.

ಆ ನಾಲ್ಕಾರು ಮೈಲಿಯನ್ನು ಬಡವನಿಗೆ ಕಡಿಮೆ ಮಾಡಿಕೊಟ್ಟ ಸಾಧನ ಸೈಕಲ್. ನಮ್ಮ ರಾಜಕಾರಣಿಗಳು ಇದನ್ನು ಅರಿಯದವರಲ್ಲ. ಅವರು ಸೈಕಲ್ಲನ್ನು ಪಕ್ಷದ ಗುರುತು ಮಾಡಿಕೊಂಡಿದ್ದಾರೆ, ಬಜೆಟ್ಟಿನಲ್ಲಿ ಹಂಚಿದ್ದಾರೆ, ಪ್ರತಿಭಟನೆಗೆ ಏರಿದ್ದಾರೆ. ಆದರೆ ಸೈಕಲ್ ತುಳಿಯುವವನ ಜೀವಕ್ಕೆ ರಸ್ತೆಯ ಮೇಲೆ ಏನು ರಕ್ಷಣೆಯಿದೆ ಎಂಬ ಪ್ರಶ್ನೆಗೆ ನಮ್ಮ ಶಾಸನಗಳ ಉತ್ತರ ಇಂದಿಗೂ ಅರೆಬರೆಯಾಗಿದೆ. ಕೊಡುಗೆಯ ಕಥೆಯನ್ನೂ ಕಾನೂನಿನ ಕಥೆಯನ್ನೂ ಒಟ್ಟಿಗೆ ಓದಿದಾಗ ಮಾತ್ರ ಈ ವಿಪರ್ಯಾಸ ಕಣ್ಣಿಗೆ ಬೀಳುತ್ತದೆ.

ದೀಪ, ಗಂಟೆ ಮತ್ತು ಬಿಲ್ಲೆ

ಇಂದು ನಾವು ಕಾಣುವ, ಎರಡೂ ಗಾಲಿ ಒಂದೇ ಅಳತೆಯಲ್ಲಿರುವ ಸೈಕಲ್ಲಿನ ಮಾದರಿಯನ್ನು ಇಂಗ್ಲೆಂಡಿನ ಜೆ.ಕೆ. ಸ್ಟಾರ್ಲೆ 1885ರಲ್ಲಿ ಹೊರತಂದರು. ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಗಮನಾರ್ಹವಾದುದೆಂದರೆ, ಅದೇ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸ್ಥಳೀಯ ಸರಕಾರ ಕಾಯ್ದೆಯ 85ನೇ ಕಲಮಿನಲ್ಲಿ ಸೈಕಲ್ಲನ್ನು 'ಗಾಡಿ' ಎಂದು ಘೋಷಿಸಿತು. ಇದರಿಂದ ಸೈಕಲ್ಲಿಗೆ ರಸ್ತೆಯ ಮೇಲೆ ಒಂದು ಸ್ಥಾನ ಸಿಕ್ಕಿತು. ಅದರ ಜೊತೆಗೇ ಎರಡು ಕರ್ತವ್ಯಗಳೂ ಬಂದವು: ಸೂರ್ಯಾಸ್ತವಾಗಿ ಒಂದು ತಾಸಿನ ನಂತರ ದೀಪ ಹಚ್ಚಬೇಕು, ಮುಂದಿನವರನ್ನು ದಾಟುವಾಗ ಗಂಟೆ ಬಾರಿಸಬೇಕು. ಆಗಿನ್ನೂ ರಸ್ತೆಗೆ ಮೋಟಾರು ಬಂದಿರಲಿಲ್ಲ. ಕುದುರೆ ಮತ್ತು ಪಾದಚಾರಿಗಳ ನಡುವೆ ಅತಿ ವೇಗದ ವಾಹನ ಸೈಕಲ್ಲೇ ಆಗಿತ್ತು. ಆದ್ದರಿಂದ ಕಾನೂನು ಸೈಕಲ್ಲಿನವನಿಂದ ಇತರರನ್ನು ಕಾಪಾಡಲು ಹೊರಟದ್ದು ಸಹಜವೇ.

ಸೈಕಲ್ ಭಾರತಕ್ಕೆ ಬಂದಾಗ ಈ ಕಟ್ಟಳೆಗಳೂ ಹಿಂದೆಯೇ ಬಂದವು. ಹಳೆಯ ತಲೆಮಾರಿನ ಯಾರನ್ನು ಕೇಳಿದರೂ ಹೇಳುತ್ತಾರೆ: ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸನ ಸೀಟಿ, 'ಡಬಲ್ ಸವಾರಿ' ಹೋದರೆ ದಂಡ, ವರ್ಷಕ್ಕೊಮ್ಮೆ ಪುರಸಭೆಗೆ ತೆರಿಗೆ ಕಟ್ಟಿ ಹ್ಯಾಂಡಲಿಗೋ ಚೌಕಟ್ಟಿಗೋ ಒಂದು ಲೋಹದ ಬಿಲ್ಲೆ. ಬಿಲ್ಲೆಯಿಲ್ಲದ ಸೈಕಲ್ಲಿನ ಗಾಳಿ ಬಿಟ್ಟು ನಿಲ್ಲಿಸುತ್ತಿದ್ದ ಕಾಲವದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 57ನೆಯ ಬಾಬತ್ತು, ಯಂತ್ರದಿಂದ ಓಡುವ ಹಾಗೂ ಓಡದ ಎಲ್ಲ ವಾಹನಗಳ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತದೆ. ಕರ್ನಾಟಕದ 1964ರ ಪುರಸಭೆಗಳ ಕಾಯ್ದೆಯೂ ಮೋಟಾರಲ್ಲದ ವಾಹನಗಳ ಮೇಲೆ ತೆರಿಗೆಗೆ ಅವಕಾಶ ಮಾಡಿತು. ಬರಬರುತ್ತ ಬಿಲ್ಲೆಯ ಪದ್ಧತಿ ಮರೆಯಾಯಿತು.

ಬೀದರ್ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಸರಕಾರವೇ ರೈಲ್ವೆಯ ಅಂಗವಾಗಿ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾದರೂ ಬಸ್ಸು ದೊಡ್ಡ ರಸ್ತೆ ಹಿಡಿದೇ ಓಡಿತು. ಒಳಗಿನ ಹಳ್ಳಿಗಳವರಿಗೆ ಕಾಲ್ನಡಿಗೆ, ಎತ್ತಿನ ಗಾಡಿ, ಉಳ್ಳವರಿಗೆ ಸೈಕಲ್.

ಹಾಗೆ ನೋಡಿದರೆ ಸ್ವಾತಂತ್ರ್ಯದ ಆಸುಪಾಸಿನವರೆಗೂ ಸೈಕಲ್ ಉಳ್ಳವರ ವಸ್ತುವೇ ಆಗಿತ್ತು. ಅದು ವಿಲಾಯತಿ ಮಾಲು. ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ (1949), ಸೋನಿಪತದಲ್ಲಿ ಅಟ್ಲಾಸ್ (1951), ಲುಧಿಯಾನದಲ್ಲಿ ಹೀರೋ (1956) ತಲೆಯೆತ್ತಿದ ಮೇಲೆ ಅದು ದೇಶಿ ವಸ್ತುವಾಯಿತು. ಹಾಲಿನವನು, ಅಂಚೆಯವನು, ಬಟ್ಟೆ ಮಾರುವವನು, ಮೇಷ್ಟರು ಎಲ್ಲರೂ ಅದನ್ನೇರಿದರು. ಕೊಳ್ಳಲಾಗದವರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಕ್ಕಿತು. 2011ರ ಜನಗಣತಿಯ ಹೊತ್ತಿಗೆ ದೇಶದ ಶೇ. 45ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಸ್ಕೂಟರ್, ಮೋಟಾರ್ ಸೈಕಲ್ ಇದ್ದ ಮನೆಗಳು ಶೇ. 21 ಮಾತ್ರ.

ಈ ಸೈಕಲ್ ಯುಗದ ಜೊತೆ ಇನ್ನೊಂದು ಕಸುಬೂ ಬೆಳೆಯಿತು. ಊರ ಮೂಲೆಯ ರಿಪೇರಿ ಅಂಗಡಿ, ಪಂಕ್ಚರ್ ಅಂಗಡಿ. ಅಲ್ಲಿ ದುಡಿದವರಲ್ಲಿ ಮುಸ್ಲಿಮರು ಅನೇಕರು. 'ಪಂಕ್ಚರ್ ಹಾಕುವವರು' ಎಂಬ ಮಾತನ್ನು ರಾಜಕೀಯ ವೇದಿಕೆಗಳಲ್ಲಿ ಮೂದಲಿಕೆಯಾಗಿ ಆಡಿದ್ದನ್ನು ನಾವು ಈಚಿನ ವರ್ಷಗಳಲ್ಲಿ ಕೇಳಿದ್ದೇವೆ. ಕಸುಬು ಅವಮಾನದ ಸಂಗತಿಯಲ್ಲ. ಒಂದು ಸಮುದಾಯದ ಮಕ್ಕಳಿಗೆ ಆ ಕಸುಬಿನಾಚೆ ಹೋಗಲು ಶಾಲೆಯ ದಾರಿ ತೆರೆದಿತ್ತೇ ಎಂದು ಕೇಳದಿರುವುದು ಅವಮಾನದ ಸಂಗತಿ. ಆ ಪ್ರಶ್ನೆ ನಮ್ಮನ್ನು 2006ಕ್ಕೆ ಕರೆದೊಯ್ಯುತ್ತದೆ.

2006: ಬಜೆಟ್ಟಿನಲ್ಲಿ ಸೈಕಲ್

ರಾಜಕಾರಣಕ್ಕೆ ಸೈಕಲ್ ಮೊದಲು ಬಂದದ್ದು ಗುರುತಾಗಿ. 1982ರಲ್ಲಿ ಎನ್.ಟಿ. ರಾಮರಾವ್ ಕಟ್ಟಿದ ತೆಲುಗು ದೇಶಂ ಪಕ್ಷದ ಚಿಹ್ನೆ ಸೈಕಲ್. ಹೀಗಾಗಿ ಚಿಂತಾಕಿಯ ಗಡಿಯಾಚೆ ಅದು ಅಧಿಕಾರದ ಚಿಹ್ನೆಯೂ ಆಯಿತು. ಉತ್ತರದಲ್ಲಿ ಸಮಾಜವಾದಿ ಪಕ್ಷದ ಚಿಹ್ನೆಯೂ ಅದೇ. 1983ರಲ್ಲಿ ಕಾನ್ಶಿರಾಮ್ ತಮ್ಮ ಸಂಗಡಿಗರೊಂದಿಗೆ ಸೈಕಲ್ ಜಾಥಾ ಹೊರಟು ಶೋಷಿತರನ್ನು ಸಂಘಟಿಸಿದರು. ಚಿಹ್ನೆಯಿಂದ ಯೋಜನೆಗೆ ದಾಟಿದ್ದು ಹೊಸ ಶತಮಾನದಲ್ಲಿ. ತಮಿಳುನಾಡಿನಲ್ಲಿ ಜಯಲಲಿತಾ ಸರಕಾರ 2001-02ರಲ್ಲಿ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿನಿಯರಿಗೆ ಸೈಕಲ್ ಕೊಡಲು ಆರಂಭಿಸಿತು.

ಕರ್ನಾಟಕದಲ್ಲಿ 2006ರ ಫೆಬ್ರವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಹಾಗೂ ಹಣಕಾಸು ಸಚಿವರಾಗಿ ಸಮ್ಮಿಶ್ರ ಸರಕಾರ ರಚನೆಯಾಯಿತು. ಆ ಸಾಲಿನ ಬಜೆಟ್ಟಿನಿಂದ ಸೈಕಲ್ ಯೋಜನೆ ಹುಟ್ಟಿತು. 2006-07ರಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಗಳ 8ನೇ ತರಗತಿಯ ಹೆಣ್ಣುಮಕ್ಕಳಿಗೆ, ಮರುವರ್ಷದಿಂದ ಗಂಡುಮಕ್ಕಳಿಗೂ ಸೈಕಲ್ ಕೊಡಲಾಯಿತು. ಹಾಸ್ಟೆಲ್ಲಿನಲ್ಲಿರುವ ಹಾಗೂ ಬಸ್ ಪಾಸ್ ಪಡೆದ ಮಕ್ಕಳನ್ನು ಹೊರಗಿಡಲಾಯಿತು. ಸರಕಾರಗಳು ಬದಲಾದವು, ಪಕ್ಷಗಳು ಬದಲಾದವು, ಯೋಜನೆ ಉಳಿಯಿತು. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ವಿತರಣೆ ನಿಂತಿತು. ಶಾಲೆ ತೆರೆದ ಮೇಲೂ ವರ್ಷಗಳ ಕಾಲ 8ನೇ ತರಗತಿಯ ಮಕ್ಕಳು ಸೈಕಲ್ ಕಾಣಲಿಲ್ಲ.

8ನೇ ತರಗತಿಯೇ ಏಕೆ? ಏಕೆಂದರೆ ಏಳನೆಯವರೆಗಿನ ಶಾಲೆ ಬಹುತೇಕ ತನ್ನ ಊರಲ್ಲೋ ಪಕ್ಕದ ಊರಲ್ಲೋ ಸಿಗುತ್ತದೆ. ಪ್ರೌಢಶಾಲೆ ದೂರ. ಆ ದೂರದ ಜೊತೆಗೇ ಹೆಣ್ಣುಮಗಳ ವಯಸ್ಸೂ ಬೆಳೆಯುತ್ತದೆ. 'ಒಬ್ಬಳೇ ಅಷ್ಟು ದೂರ ಹೇಗೆ ಹೋಗುತ್ತಾಳೆ' ಎಂಬ ತಾಯಿಯ ಅಳುಕಿನಲ್ಲಿ ಓದು ನಿಂತುಹೋಗುತ್ತದೆ. ಅದೇ 2006ರ ನವೆಂಬರಿನಲ್ಲಿ ನ್ಯಾ. ರಾಜಿಂದರ್ ಸಾಚಾರ್ ಸಮಿತಿ ತನ್ನ ವರದಿ ಕೊಟ್ಟಿತು. 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಕ್ಕಳು ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು ಅದು ದಾಖಲಿಸಿತು. ಬಡತನದ ಜೊತೆ ಶಾಲೆಯ ದೂರವೂ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುತ್ತದೆಂಬ ಸತ್ಯವನ್ನೂ ಅದು ಎತ್ತಿ ತೋರಿತು. ಸಮಿತಿ ಹೇಳಿದ ಕಾಯಿಲೆಗೆ ಸೈಕಲ್ ಪೂರ್ಣ ಮದ್ದಲ್ಲ, ಆದರೆ ಮದ್ದಿನ ಒಂದು ಗುಳಿಗೆ ಹೌದು.

ಇದು ಬರೀ ಭಾವುಕತೆಯ ಮಾತಲ್ಲ. ಬಿಹಾರದಲ್ಲಿ ನಿತೀಶ್ ಕುಮಾರ್ ಸರಕಾರ ಅದೇ ಕಾಲಕ್ಕೆ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡಲಾರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಆ ಯೋಜನೆಯ ಫಲವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಲಾಭ ಹೆಚ್ಚಾಗಿ ಕಂಡದ್ದು ಶಾಲೆಯಿಂದ 3 ಕಿ.ಮೀ.ಗೂ ಹೆಚ್ಚು ದೂರವಿದ್ದ ಹಳ್ಳಿಗಳಲ್ಲಿ.

ಮುಸ್ಲಿಮ್ ಹೆಣ್ಣುಮಕ್ಕಳು ಸೈಕಲ್ ಏರುತ್ತಾರೆಯೇ ಎಂದು ಹುಬ್ಬೇರಿಸುವವರು ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಕಥೆಯನ್ನು ತಿಳಿಯಬೇಕು. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಗ್ರಾಮೀಣ ಮಹಿಳೆಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಮಹಿಳೆಯರು ಸೈಕಲ್ ಮೆರವಣಿಗೆ ಹೊರಟರು. ಅವರಲ್ಲಿ ಸಂಪ್ರದಾಯಸ್ಥ ಮನೆಗಳ ಮುಸ್ಲಿಮ್ ಯುವತಿಯರೂ ಇದ್ದುದನ್ನು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಆ ಮಹಿಳೆಯರು ತಾವೇ ಸಂತೆಗೆ ಹೋದರು, ತಾವೇ ನೀರು ತಂದರು, ಬಸ್ಸಿಗಾಗಿ ಗಂಡನಿಗಾಗಿ ಕಾಯುವುದನ್ನು ಬಿಟ್ಟರು.

ರಸ್ತೆ ಯಾರದು?

ಸೈಕಲ್ ಮನೆಗೆ ಬಂತು. ಅದು ಹೊರಡುವ ರಸ್ತೆಯಲ್ಲಿ ಏನಾಯಿತು?

2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಕೆಸರಿನಲ್ಲಿ ಹೂತುಹೋಗುತ್ತಿದ್ದ ಹಳ್ಳಿಗಳಿಗೆ ಡಾಂಬರು ಬಂದದ್ದು ದೊಡ್ಡ ಉಪಕಾರ. ಮಳೆಗಾಲದಲ್ಲಿ ಕರಿಮಣ್ಣು ಎಷ್ಟು ಅಂಟುತ್ತದೆಂದು ಈ ಸೀಮೆಯವರಿಗೆ ಗೊತ್ತು. ಆದರೆ ಗ್ರಾಮೀಣ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಎದುರಿನಿಂದ ಲಾರಿಯೋ ಟ್ರ್ಯಾಕ್ಟರೋ ಬಂದರೆ ಸೈಕಲ್ಲಿನವನು ಇಳಿದು ಮಣ್ಣಿಗೆ ಸರಿಯಬೇಕು. ರಸ್ತೆ ನುಣುಪಾದಷ್ಟೂ ಮೋಟಾರಿನ ವೇಗ ಏರಿತು. ಬೀದರ್ ಜಿಲ್ಲೆಯ ಮೂಲಕ ರಾಷ್ಟ್ರೀಯ ಹೆದ್ದಾರಿ 65 ಮತ್ತು 50 ಹಾದುಹೋಗುತ್ತವೆ. ಕಬ್ಬು ಕಟಾವಿನ ಕಾಲದಲ್ಲಿ ಹಿಂಬದಿಗೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಭಾಲ್ಕಿ, ಹುಮನಾಬಾದ್ ಕಡೆಯ ರಸ್ತೆಗಳನ್ನು ತುಂಬುತ್ತವೆ. ಹಿಂದೊಮ್ಮೆ ದೀಪವಿಲ್ಲದ್ದಕ್ಕೆ ಸೈಕಲ್ಲಿನವನನ್ನು ಹಿಡಿದ ಕಾನೂನು, ಇಂದು ದೀಪವಿಲ್ಲದ ಟ್ರೈಲರಿನ ಮುಂದೆ ಕಣ್ಣು ಮುಚ್ಚಿಕೊಳ್ಳುತ್ತದೆ.

ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಪಾದಚಾರಿಗಳು 32,000ಕ್ಕೂ ಹೆಚ್ಚು, ಸೈಕಲ್ ಸವಾರರು ಸುಮಾರು 4,800. ಅಂದರೆ ದಿನಕ್ಕೆ 13 ಮಂದಿ ಸೈಕಲ್ ಸವಾರರು. ಇವರು ಯಾರಿಗೂ ಡಿಕ್ಕಿ ಹೊಡೆದು ಕೊಲ್ಲುವ ಶಕ್ತಿಯುಳ್ಳವರಲ್ಲ. ಆದರೂ ನಮ್ಮ ಮೋಟಾರು ವಾಹನ ಕಾಯ್ದೆಗಳಲ್ಲಿ, 1914ರದಿರಲಿ 1939ರದಿರಲಿ 1988ರದಿರಲಿ, ಕೇಂದ್ರದಲ್ಲಿರುವುದು ಮೋಟಾರು. ಸೈಕಲ್ಲಿನವನು ಅಲ್ಲಿ ಬರೀ 'ಇತರ'ನಾಗಿ ಬರುತ್ತಾನೆ. 2019ರ ತಿದ್ದುಪಡಿಯಲ್ಲಿ 138ನೇ ಕಲಮಿಗೆ (1ಎ) ಎಂಬ ಉಪಕಲಮು ಸೇರಿತು. ಯಂತ್ರರಹಿತ ವಾಹನಗಳ ಮತ್ತು ಪಾದಚಾರಿಗಳ ಸಂಚಾರದ ಬಗ್ಗೆ ರಾಜ್ಯಗಳು ನಿಯಮ ಮಾಡಬಹುದೆಂದು ಅದು ಹೇಳುತ್ತದೆ. ಆದರೆ ಅಲ್ಲಿಯೂ ಕಾನೂನಿನ ಮಾತು ಅವರನ್ನು 'ನಿಯಂತ್ರಿಸುವ' ಬಗ್ಗೆಯೇ ಇದೆ.

ತಾಯ್ತಂದೆಯರು ಬೀದಿಗಿಳಿದಾಗ

ಬೇರೆ ದಾರಿಯಿದೆಯೆಂದು ತೋರಿಸಿದ ದೇಶ ನೆದರ್‌ಲ್ಯಾಂಡ್ಸ್. ಅಲ್ಲಿನವರು ಹುಟ್ಟಾ ಸೈಕಲ್ ಪ್ರಿಯರು ಎಂದು ನಾವು ಭಾವಿಸಿದ್ದೇವೆ. ನಿಜವೆಂದರೆ ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ರಸ್ತೆಯನ್ನು ಆಕ್ರಮಿಸಿದ್ದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು; ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯ್ತಂದೆಯರು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿ ಹೂಡಿ ರಸ್ತೆಗಳಲ್ಲಿ ಕುಳಿತರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಪ್ರಧಾನಿ ಯೂಪ್ ಡೆನ್ ಆಯ್ಲ್ ಅವರ ಸರಕಾರ ಕಾರುರಹಿತ ಭಾನುವಾರಗಳನ್ನು ಸಾರಿತು. ಮುಂದಿನ ವರ್ಷಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥಗಳು ಬಂದವು. 1994ರ ಸಂಚಾರ ಕಾಯ್ದೆಯ 185ನೇ ಕಲಮಿನ ಪ್ರಕಾರ, ಮೋಟಾರು ಸೈಕಲ್ಲಿಗೆ ಡಿಕ್ಕಿಯಾದರೆ ಅನಿವಾರ್ಯ ಸನ್ನಿವೇಶವೆಂದು ರುಜುವಾತು ಮಾಡದ ಹೊರತು ನಷ್ಟದ ಹೊಣೆ ಮೋಟಾರಿನವನದು. ಬಲಶಾಲಿಗೆ ಹೆಚ್ಚಿನ ಹೊಣೆ ಎಂಬುದು ಇಲ್ಲಿನ ನ್ಯಾಯ.

ನಮ್ಮ ರಾಜ್ಯದಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. 2017ರ ಜೂನಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆಗೆ ಚಾಲನೆ ಕೊಟ್ಟರು. 450 ಸೈಕಲ್, 48 ನಿಲ್ದಾಣ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಪಥ ಗುರುತಿಸಲಾಯಿತು. ಅದು ಬಹುಕಾಲ ಬಾಳಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಬೆಲೆಯೇರಿಕೆ ವಿರೋಧಿಸಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ವಿಧಾನಸೌಧಕ್ಕೆ ಸೈಕಲ್ಲಿನಲ್ಲೇ ಬಂದರು. 2024ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಮನ್ಸುಖ್ ಮಾಂಡವೀಯ ಭಾನುವಾರದ ಸೈಕಲ್ ಸವಾರಿಯ ಅಭಿಯಾನ ಆರಂಭಿಸಿದರು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಭಾನುವಾರ ಆರೋಗ್ಯಕ್ಕಾಗಿ ತುಳಿಯುವವನೂ ಸೋಮವಾರ ಹೊಟ್ಟೆಪಾಡಿಗಾಗಿ ತುಳಿಯುವವನೂ ಒಂದೇ ರಸ್ತೆಯಲ್ಲಿ ಹೋಗಬೇಕಲ್ಲವೇ?

ಈ ದೃಷ್ಟಿಯಿಂದ ಮಹತ್ವದ ಪ್ರಯತ್ನವೆಂದರೆ ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯವು 2021ರ ಕೊನೆಗೆ ಸಿದ್ಧಪಡಿಸಿ ಜನರ ಮುಂದಿಟ್ಟ ಸಕ್ರಿಯ ಸಂಚಾರ ಮಸೂದೆ. ನಡೆಯುವುದು, ಸೈಕಲ್ ತುಳಿಯುವುದು ನಾಗರಿಕನ ಹಕ್ಕು ಎಂದು ಮೊದಲ ಬಾರಿಗೆ ಕಾನೂನಿನ ಭಾಷೆಯಲ್ಲಿ ಹೇಳಲು ಅದು ಹೊರಟಿತ್ತು. 1888ರಿಂದ 'ದೀಪ ಹಚ್ಚು, ಗಂಟೆ ಬಾರಿಸು' ಎನ್ನುತ್ತಿದ್ದ ಕಾನೂನು ಕೊನೆಗೂ 'ನಿನಗೂ ಹಕ್ಕಿದೆ' ಎನ್ನಲು ಬಾಯಿ ತೆರೆದಿತ್ತು. ಸದನದ ಒಪ್ಪಿಗೆ ದೊರೆಯದೆ ವರ್ಷಗಳು ಉರುಳಿದವು. ಅದನ್ನು ಕೈಗೆತ್ತಿಕೊಂಡು ಕಾಯ್ದೆ ಮಾಡಿಯೇ ತೀರುತ್ತೇನೆ ಎನ್ನುವ ರಾಜಕಾರಣಿ ಮೂರೂ ಪಕ್ಷಗಳಲ್ಲಿ ಕಾಣಲಿಲ್ಲ. ಸೈಕಲ್ ಹಂಚಿದರೆ ಫೋಟೋ ಬರುತ್ತದೆ, ನಿಯಮ ಮಾಡಿದರೆ ಬರುವುದಿಲ್ಲ.

ಇಷ್ಟರಲ್ಲಿ ನ್ಯಾಯಾಲಯ ಮುಂದೆ ಬಂತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಎಸ್. ರಾಜಶೇಖರನ್ ಪ್ರಕರಣದಲ್ಲಿ, 138(1ಎ) ಮತ್ತು 210ಡಿ ಕಲಮುಗಳಡಿ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಆದೇಶಿಸಿತು. 210ಡಿ ಎಂಬುದು ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡಕ್ಕೆ ಸಂಬಂಧಿಸಿದ್ದು. ಅಂದರೆ ಔರಾದ್ ತಾಲೂಕಿನ ಒಳರಸ್ತೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿತ್ತು. ಪುರಸಭೆಯ ಬಿಲ್ಲೆಯಿಂದ ಆರಂಭವಾದ ತೆರಿಗೆಯ ಹೊರೆ ಹೀಗೆ ಕೊಂಚ ಹಗುರವಾಯಿತು.

ಕೇಳಬೇಕಾದದ್ದನ್ನು ಕೇಳೋಣ

ನಿಯಮಗಳು ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಮಾತ್ರ ನೋಡಿ ಬರೆಯಲ್ಪಡಬಾರದು. ಚಿಂತಾಕಿಯಂಥ ಹೋಬಳಿಗೆ ಬಣ್ಣ ಬಳಿದ ಪಥ ಬೇಕಿಲ್ಲ. ಡಾಂಬರಿನ ಎರಡೂ ಬದಿ ಗಟ್ಟಿ ಮಣ್ಣಿನ ಸಮತಟ್ಟು ಅಂಚು, ಶಾಲೆಯ ಎದುರು ವೇಗ ತಗ್ಗಿಸುವ ಉಬ್ಬು, ಟ್ರೈಲರುಗಳಿಗೆ ಹೊಳೆಯುವ ಪಟ್ಟಿ, ತಿರುವಿನಲ್ಲಿ ಜಾಲಿ ಸವರುವ ಕೆಲಸ, ಇಷ್ಟಾದರೆ ಎಷ್ಟೋ ಜೀವ ಉಳಿಯುತ್ತವೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದಲ್ಲಿ ಇದಕ್ಕೆ ಹಣವಿಲ್ಲವೆಂದರೆ ನಂಬುವುದು ಕಷ್ಟ. 2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಅದು ಸ್ವಾಗತಾರ್ಹ. ಆದರೆ ಶಾಲೆಯ ವೇಳೆಗೆ ಬಸ್ಸೇ ಬಾರದ ಊರಿನ ಹುಡುಗಿಗೆ ಉಚಿತ ಟಿಕೆಟ್ಟಿನಿಂದ ಏನು ಫಲ? ಅವಳಿಗೆ ಸೈಕಲ್ಲೂ ಬೇಕು, ಅದನ್ನು ನಿರ್ಭಯವಾಗಿ ತುಳಿಯುವ ಅಂಚೂ ಬೇಕು.

ಈಗಾಗಲೇ ಇರುವ ಹಕ್ಕುಗಳನ್ನಾದರೂ ನಾವು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ಅಪಘಾತದಲ್ಲಿ ಸತ್ತವರ ಕುಟುಂಬ ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ 5 ಲಕ್ಷ, ತೀವ್ರ ಗಾಯಗೊಂಡವರು ಎರಡೂವರೆ ಲಕ್ಷ ರೂಪಾಯಿ ಪರಿಹಾರ ಕೇಳಬಹುದು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 161ನೇ ಕಲಮಿನಡಿ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಈ ಅರ್ಜಿಯನ್ನು ವಿಚಾರಿಸುವ ಅಧಿಕಾರ ಉಪವಿಭಾಗಾಧಿಕಾರಿ, ತಹಶೀಲ್ದಾರರಂಥ ಕಂದಾಯ ಅಧಿಕಾರಿಗಳದು. ಸೈಕಲ್ ಸವಾರನ ಕುಟುಂಬಕ್ಕೂ ಇದು ಅನ್ವಯಿಸುತ್ತದೆ. 198ಎ ಕಲಮಿನಡಿ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಲೋಪದಿಂದ ಸಾವು ಸಂಭವಿಸಿದರೆ ಹೊಣೆ ಹೊತ್ತ ಸಂಸ್ಥೆಗೆ ಅಥವಾ ಗುತ್ತಿಗೆದಾರನಿಗೆ 1 ಲಕ್ಷದವರೆಗೆ ದಂಡವಿದೆ. 'ವಿಧಿಬರಹ' ಎಂದು ಸುಮ್ಮನಾಗುವ ನಮ್ಮ ಹಳ್ಳಿಗಳಲ್ಲಿ ಈ ಮಾಹಿತಿಯನ್ನು ಮಸೀದಿ, ಮಂದಿರ, ಶಾಲೆ, ಪಂಚಾಯತಿಗಳ ಮೂಲಕ ಹರಡುವುದು ಪುಣ್ಯದ ಕೆಲಸ.

ಸೈಕಲ್ ಕೊಟ್ಟ ರಾಜಕಾರಣಿಯನ್ನು ಜನ ಮರೆಯಲಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರೆದುರು ನಾವು ಎರಡು ಪ್ರಶ್ನೆಗಳನ್ನು ಇಡಬೇಕಾಗಿದೆ. 2020ರಲ್ಲಿ ನಿಂತ ಸೈಕಲ್ಲಿಗಾಗಿ ನೀವೇನು ಮಾಡಿದಿರಿ? ಅದನ್ನೇರಿ ಹೊರಟ ನಮ್ಮ ಮಗಳು ಸಂಜೆ ಮನೆಗೆ ಮರಳುತ್ತಾಳೆಂಬುದಕ್ಕೆ ನಿಮ್ಮ ಕಾನೂನಿನಲ್ಲಿ ಏನು ಬರೆದಿದ್ದೀರಿ? ಮೊದಲನೆಯ ಪ್ರಶ್ನೆಯನ್ನು ಅಲ್ಲಲ್ಲಿ ಕೇಳುವವರಿದ್ದಾರೆ. ಎರಡನೆಯದನ್ನು ಕೇಳುವವರು ಇನ್ನೂ ಬಹಳ ಕಡಿಮೆ.